ಇಂಕ್‌ಜೆಟ್ ಕಾರ್ಟ್ರಿಜ್: ಕವರ್ ಹರಿಯುವ ಮುನ್ನ ನೋಡಬೇಕಾದದ್ದು, ಹರಿದ ಮೇಲೆ ಮಾಡಬಾರದ್ದು

ಹೊಸ ಕಾರ್ಟ್ರಿಜ್ ಹಾಕಿದ ಮೇಲೂ ಹಾಳೆ ಬಿಳಿಯಾಗಿಯೇ ಹೊರಬರುತ್ತದೆ. ಇಲ್ಲವೇ, ಈ ಕಾರ್ಟ್ರಿಜ್ ತನಗೆ ಗೊತ್ತೇ ಇಲ್ಲ ಎಂದು ಪ್ರಿಂಟರ್ ಹಟ ಹಿಡಿಯುತ್ತದೆ. ಇಲ್ಲವೇ, ಅರ್ಧ ಶಾಯಿ ಉಳಿದಿದೆ ಎಂದು ಪರದೆ ತೋರಿಸುತ್ತಿರುವಾಗಲೇ ಚಿತ್ರದಲ್ಲಿ ಕೆಂಪು ಮಾಯವಾಗುತ್ತದೆ. ನನ್ನನ್ನು ಕೇಳಿಕೊಂಡು ಬರುವವರ ಅಳಲು ಬಹುತೇಕ ಈ ಮೂರರಲ್ಲಿ ಒಂದು.

ಕೆದಕಿ ಕೇಳಿದರೆ ಹೊರಬೀಳುವ ಕಥೆಯೂ ಒಂದೇ. ಮಾಡಿದ ಕೆಲಸಗಳಲ್ಲಿ ದೊಡ್ಡ ತಪ್ಪಿಲ್ಲ, ಮಾಡಿದ ಕ್ರಮ ತಲೆಕೆಳಗಾಗಿದೆ. ಮೊದಲು ಕೊಂಡರು, ಆಮೇಲೆ ಸಂಖ್ಯೆ ನೋಡಿದರು. ಮೊದಲು ಕವರ್ ಹರಿದರು, ಆಮೇಲೆ ತೊಂದರೆ ಎಲ್ಲಿದೆ ಎಂದು ಹುಡುಕಿದರು. ತೆರೆದ ಕಾರ್ಟ್ರಿಜನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದು ಅಪರೂಪ. ತೆರೆದ ಗಳಿಗೆಯಿಂದಲೇ ಅದರೊಳಗಿನ ಶಾಯಿ ಒಣಗಲು ಶುರುವಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಅನುಸರಿಸಿ. ಕವರ್ ಹರಿಯುವುದು ಐದನೆಯ ಹಂತದಲ್ಲಿ, ಅದಕ್ಕೂ ಮೊದಲಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ವಸ್ತುಗಳು

ನೂಲು ಉದುರದ ಬಟ್ಟೆ (ಕನ್ನಡಕ ಒರೆಸುವ ಬಟ್ಟೆ ಸಾಕು), ಸ್ವಲ್ಪ ಡಿಸ್ಟಿಲ್ಡ್ ವಾಟರ್, ನಾಲ್ಕಾರು ಟಿಶ್ಯೂ, ಮೇಜಿನ ಮೇಲೆ ಹಾಸಲು ಹಳೆಯ ದಿನಪತ್ರಿಕೆ, ಒಂದು ಟಾರ್ಚ್, ಹತ್ತು ಸಾದಾ ಹಾಳೆ. ಬೇಕಿದ್ದರೆ ತೆಳು ಕೈಗವಸು.

ಸೂಜಿ, ಪಿನ್ನು, ಉಗುರುಬಣ್ಣ ತೆಗೆಯುವ ದ್ರಾವಣ, ಪೇಂಟ್ ತಿನ್ನರ್ ಇವುಗಳನ್ನು ಮೇಜಿನ ಹತ್ತಿರವೂ ತರಬೇಡಿ. ಶಾಯಿ ಚಿಮ್ಮುವ ರಂಧ್ರಗಳು ತಲೆಗೂದಲಿಗಿಂತ ಸಣ್ಣವು. ಸೂಜಿ ಅವನ್ನು ಬಿಡಿಸುವುದಿಲ್ಲ, ಹರಿಯುತ್ತದೆ.

ಹಂತ 1: ಪ್ರಿಂಟ್ ಹೆಡ್ ಎಲ್ಲಿದೆ ಎಂದು ಕಂಡುಕೊಳ್ಳಿ

ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿವೆ. ಶಾಯಿಯನ್ನು ಹನಿಹನಿಯಾಗಿ ಹಾಳೆಯ ಮೇಲೆ ಚಿಮ್ಮಿಸುವ ಭಾಗವೇ ಪ್ರಿಂಟ್ ಹೆಡ್. ಪ್ರಿಂಟರ್ ಆನ್ ಮಾಡಿ ಮುಚ್ಚಳ ತೆರೆದು ಒಳಗೆ ನೋಡಿ.

ಎರಡೇ ಕಾರ್ಟ್ರಿಜ್ ಇದ್ದು, ಒಂದು ಕಪ್ಪು, ಇನ್ನೊಂದರಲ್ಲಿ ಮೂರು ಬಣ್ಣ ಒಟ್ಟಿಗೆ ಇದ್ದರೆ, ಹೆಡ್ ಸಾಮಾನ್ಯವಾಗಿ ಕಾರ್ಟ್ರಿಜಿನಲ್ಲೇ ಇರುತ್ತದೆ. ಕಾರ್ಟ್ರಿಜಿನ ಬೆನ್ನಿನಲ್ಲಿ ತಾಮ್ರದ ಬಣ್ಣದ ಚುಕ್ಕೆಗಳ ಪಟ್ಟಿ, ತಳದಲ್ಲಿ ಹೊಳೆಯುವ ಪುಟ್ಟ ಫಲಕ ಕಾಣುತ್ತದೆ. ಹೊಸ ಕಾರ್ಟ್ರಿಜ್ ಹಾಕಿದಾಗಲೆಲ್ಲ ಇಲ್ಲಿ ಹೊಸ ಹೆಡ್ಡೂ ಬರುತ್ತದೆ.

ಪ್ರತಿ ಬಣ್ಣಕ್ಕೂ ಬೇರೆ ಬೇರೆ ಪೆಟ್ಟಿಗೆ, ನಾಲ್ಕೋ ಐದೋ ಸಾಲಾಗಿ ಕುಳಿತಿದ್ದರೆ, ಹೆಡ್ ಪ್ರಿಂಟರಿನಲ್ಲೇ ಇದೆ. ಪೆಟ್ಟಿಗೆಯಲ್ಲಿರುವುದು ಶಾಯಿ ಮತ್ತು ಒಂದು ಚಿಪ್ ಅಷ್ಟೆ. ಬಾಟಲಿಯಿಂದ ಶಾಯಿ ಸುರಿಯುವ ತೊಟ್ಟಿಯ ಪ್ರಿಂಟರುಗಳಲ್ಲಿ ಕಾರ್ಟ್ರಿಜೇ ಇಲ್ಲ, ಹೆಡ್ ಅಲ್ಲೂ ಯಂತ್ರದಲ್ಲೇ ಇರುತ್ತದೆ.

ಇದರಿಂದ ಏನಾಯಿತು ಎಂದರೆ, ಮೊದಲ ಬಗೆಯಲ್ಲಿ ರಂಧ್ರ ಕಟ್ಟಿದರೆ ಕಾರ್ಟ್ರಿಜ್ ಬದಲಿಸಿದಾಗ ರೋಗವೂ ಹೋಗುತ್ತದೆ. ಉಳಿದೆರಡರಲ್ಲಿ ಎಷ್ಟು ಹೊಸ ಶಾಯಿ ಹಾಕಿದರೂ ಕಟ್ಟಿದ ರಂಧ್ರ ಕಟ್ಟಿಯೇ ಇರುತ್ತದೆ. ಎರಡನೆಯ ಬಗೆಯ ಪ್ರಿಂಟರಿಗೆ ಒಂದರ ಹಿಂದೆ ಒಂದರಂತೆ ಮೂರು ಹೊಸ ಹಳದಿ ಪೆಟ್ಟಿಗೆ ಹಾಕಿ ನೋಡಿದವರನ್ನು ಬಲ್ಲೆ. ಮೂರೂ ತುಂಬಿಯೇ ಇದ್ದವು.

ಇನ್ನೊಂದು ವ್ಯತ್ಯಾಸವೂ ನೆನಪಿರಲಿ. ಎಚ್‌ಪಿ ಮತ್ತು ಕ್ಯಾನನ್‌ನ ಮನೆಬಳಕೆಯ ಇಂಕ್‌ಜೆಟ್‌ಗಳು ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿಯನ್ನು ಹೊರದೂಡುತ್ತವೆ. ಎಪ್ಸನ್ ಮತ್ತು ಬ್ರದರ್‌ಗಳಲ್ಲಿ ವಿದ್ಯುತ್ ತಾಗಿದಾಗ ಬಾಗುವ ಪೀಜೋ ಹರಳು ಆ ಕೆಲಸ ಮಾಡುತ್ತದೆ. ಕಾಯಿಸುವ ಬಗೆಯಲ್ಲಿ ಹೆಡ್ಡನ್ನು ತಣ್ಣಗಿಡುವುದೂ ಶಾಯಿಯೇ. ಶಾಯಿ ಮುಗಿದ ಮೇಲೂ ಮುದ್ರಿಸುತ್ತಾ ಹೋದರೆ ಹೆಡ್ ಸುಟ್ಟುಹೋಗಬಹುದು.

ಹಂತ 2: ಶಾಯಿ ಮುಗಿದಿದೆಯೋ, ರಂಧ್ರ ಕಟ್ಟಿದೆಯೋ ಪರೀಕ್ಷಿಸಿ

ಪ್ರಿಂಟರಿನ ನಿರ್ವಹಣೆಯ ಮೆನುವಿನಲ್ಲಿ ‘ನಾಜಲ್ ಚೆಕ್’ ಎಂಬುದೊಂದಿರುತ್ತದೆ. ಕೆಲವು ಯಂತ್ರಗಳಲ್ಲಿ ಅದಕ್ಕೆ ಗುಣಮಟ್ಟದ ವರದಿ ಎಂಬ ಅರ್ಥದ ಹೆಸರು. ಅದನ್ನು ಸಾದಾ ಹಾಳೆಯ ಮೇಲೆ ಮುದ್ರಿಸಿ ಬೆಳಕಿಗೆ ಹಿಡಿದು ನೋಡಿ.

ಪ್ರತಿ ಬಣ್ಣದಲ್ಲೂ ಸಣ್ಣ ಗೆರೆಗಳ ಮೆಟ್ಟಿಲೋ ಜಾಲರಿಯೋ ಕಾಣುತ್ತದೆ. ಒಂದೊಂದು ಪುಟ್ಟ ಗೆರೆಯೂ ಒಂದು ರಂಧ್ರದ ಹಾಜರಿ. ಜಾಲರಿಯ ನಡುವೆ ಅಲ್ಲಲ್ಲಿ ಗೆರೆ ತಪ್ಪಿದ್ದರೆ ಆ ರಂಧ್ರಗಳು ಕಟ್ಟಿವೆ. ಹೊಸ ಕಾರ್ಟ್ರಿಜ್ ಬೇಕಿಲ್ಲ, ಹಂತ 6ಕ್ಕೆ ಹೋಗಿ. ಇಡೀ ಬಣ್ಣ ಒಂದೇ ಸಮನೆ ಮಸುಕಾಗುತ್ತಾ ಬಂದಿದ್ದರೆ ಅಥವಾ ಪೂರ್ತಿ ಇಲ್ಲವಾಗಿದ್ದರೆ ಶಾಯಿ ಮುಗಿದಿರುವ ಸಂಭವ ಹೆಚ್ಚು.

ನಾಜಲ್ ಚೆಕ್ ಸಿಗದಿದ್ದರೆ ಮುದ್ರಿಸಿದ ಚಿತ್ರವೇ ಹೇಳುತ್ತದೆ. ಮುಖಗಳು ಕಾಮಾಲೆ ಬಂದಂತೆ ಹಳದಿ ಮಿಶ್ರಿತ ಹಸಿರಾಗಿದ್ದರೆ ಮೆಜೆಂಟಾ (ಗುಲಾಬಿ ಮಿಶ್ರಿತ ಕೆಂಪು ಶಾಯಿ) ಇಲ್ಲ. ಹುಲ್ಲು ಹಳದಿಯಾಗಿ, ಆಕಾಶಕ್ಕೆ ನಸುಗೆಂಪು ಹತ್ತಿದ್ದರೆ ಸಯಾನ್ (ತಿಳಿನೀಲಿ ಶಾಯಿ) ಇಲ್ಲ. ಹುಲ್ಲು ನೀಲಿಗೆ ತಿರುಗಿ, ಕೆಂಪು ಹೂವು ಗುಲಾಬಿಯಾಗಿದ್ದರೆ ಹಳದಿ ಇಲ್ಲ. ಮೂರು ಬಣ್ಣವೂ ಒಂದೇ ಕಾರ್ಟ್ರಿಜಿನಲ್ಲಿದ್ದರೆ ಒಂದು ಬಣ್ಣ ಮುಗಿದರೂ ಇಡೀ ಕಾರ್ಟ್ರಿಜ್ ಬದಲಿಸಬೇಕು. ಅದು ಆ ವಿನ್ಯಾಸಕ್ಕೆ ತೆರಬೇಕಾದ ದಂಡ.

ಪರದೆಯ ಮೇಲಿನ ಶಾಯಿಯ ಮಟ್ಟವನ್ನು ವೇದವಾಕ್ಯವೆಂದು ನಂಬಬೇಡಿ. ಬಹುಪಾಲು ಪ್ರಿಂಟರುಗಳು ಚಿಮ್ಮಿಸಿದ ಹನಿಗಳ ಲೆಕ್ಕವಿಟ್ಟು ಉಳಿದದ್ದನ್ನು ಅಂದಾಜು ಮಾಡುತ್ತವೆ, ಒಳಗಿಣುಕಿ ಅಳೆಯುವುದಿಲ್ಲ. ‘ಶಾಯಿ ಕಡಿಮೆಯಿದೆ’ ಎಂಬ ಸಂದೇಶ ಬಂದಾಗ ಹೊಸದನ್ನು ತಂದಿಡಿ, ಆದರೆ ತೆರೆಯಬೇಡಿ. ಹಾಳೆಯ ಮೇಲೆ ಬಣ್ಣ ಮಸುಕಾದಾಗ ಅಥವಾ ಪ್ರಿಂಟರ್ ನಿಂತೇಬಿಟ್ಟಾಗ ಬದಲಿಸಿದರೆ ಸಾಕು. ಹೆಡ್ ಯಂತ್ರದಲ್ಲೇ ಇರುವ ಪ್ರಿಂಟರ್ ‘ಖಾಲಿ’ ಎಂದಾಗಲೂ ಪೆಟ್ಟಿಗೆಯ ತಳದಲ್ಲಿ ಸ್ವಲ್ಪ ಶಾಯಿ ಉಳಿದಿರುವುದುಂಟು. ಹೆಡ್ಡಿಗೆ ಗಾಳಿ ನುಗ್ಗದಿರಲಿ ಎಂದು ಉಳಿಸಿಕೊಳ್ಳುವ ಪಾಲು ಅದು, ಮೋಸವೆಂದುಕೊಳ್ಳಬೇಡಿ.

ಹಂತ 3: ಆಯ್ಕೆ

ಸಂಖ್ಯೆ ಮೊದಲು. ಪ್ರಿಂಟರಿನ ಮಾದರಿ ಸಂಖ್ಯೆ ಬೇರೆ, ಕಾರ್ಟ್ರಿಜಿನ ಸಂಖ್ಯೆ ಬೇರೆ. ಎರಡನೆಯದು ಹಳೆಯ ಕಾರ್ಟ್ರಿಜಿನ ಚೀಟಿಯ ಮೇಲೆ, ಅನೇಕ ಯಂತ್ರಗಳಲ್ಲಿ ಮುಚ್ಚಳದ ಒಳಬದಿಯಲ್ಲೂ ಇರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಾಯಿಪಾಠ ಮಾಡಿಕೊಂಡು ಹೋದವರು ಒಂದು ಅಂಕಿ ತಪ್ಪಿಸಿಯೇ ತರುತ್ತಾರೆ. ನೋಡಲು ಅಚ್ಚು ಒಂದೇ ಥರ ಇರುವ ಎರಡು ಕಾರ್ಟ್ರಿಜ್‌ಗಳು, ಒಂದು ಅಕ್ಷರದ ವ್ಯತ್ಯಾಸಕ್ಕೆ, ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು. ಕೆಲವು ತಯಾರಕರು ಪ್ರಪಂಚದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಸಂಕೇತದ ಕಾರ್ಟ್ರಿಜ್ ಮಾಡುತ್ತಾರೆ. ಪರದೇಶದಿಂದ ಬಂದ ನೆಂಟರು ತಂದುಕೊಟ್ಟದ್ದು ಸಂಖ್ಯೆ ಸರಿಯಿದ್ದೂ ಒಪ್ಪಿಗೆಯಾಗದಿರುವುದು ಹೀಗೆ.

ಮಾಮೂಲಿಯೋ, ಎಕ್ಸ್‌ಎಲ್ಲೋ? ಹೆಚ್ಚಿನ ಸಂದರ್ಭದಲ್ಲಿ ಎರಡರ ಹೊರಮೈ ಒಂದೇ, ಎಕ್ಸ್‌ಎಲ್‌ನ ಒಳಗೆ ಶಾಯಿ ಹೆಚ್ಚು. ಡಬ್ಬಿಯ ಬೆಲೆ ನೋಡಬೇಡಿ, ಬೆಲೆಯನ್ನು ಅದರ ಮೇಲೆ ಬರೆದ ಪುಟಗಳ ಸಂಖ್ಯೆಯಿಂದ ಭಾಗಿಸಿ. ಎಕ್ಸ್‌ಎಲ್‌ನ ಬೆಲೆ ಒಂದೂವರೆ ಪಟ್ಟು, ಪುಟಗಳು ಎರಡೂವರೆ ಪಟ್ಟು ಎಂದಿಟ್ಟುಕೊಳ್ಳಿ. ಪ್ರತಿ ಪುಟದ ಖರ್ಚು ಮಾಮೂಲಿಯದರ ಶೇಕಡಾ 60ಕ್ಕೆ ಇಳಿಯಿತು. ಆದರೆ ಈ ಲೆಕ್ಕ ನಡೆಯುವುದು ಶಾಯಿ ಒಣಗುವ ಮೊದಲು ಬಳಸಿ ಮುಗಿಸುವವರಿಗೆ. ತಿಂಗಳಿಗೆ ಐದಾರು ಹಾಳೆ ಮುದ್ರಿಸುವ ಮನೆಗೆ ನಾನು ಮಾಮೂಲಿಯದನ್ನೇ ಹೇಳುತ್ತೇನೆ.

ಡಬ್ಬಿಯ ಮೇಲಿನ ಪುಟಸಂಖ್ಯೆ ಬರುವುದು ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಿಂದ. ನಿಗದಿತ ಐದು ಪುಟಗಳ ಕಂತೆಯನ್ನು ಶಾಯಿ ಮುಗಿಯುವವರೆಗೆ ಎಡೆಬಿಡದೆ ಮುದ್ರಿಸಿ ಎಣಿಸುತ್ತಾರೆ. ಮನೆಯಲ್ಲಿ ಯಾರೂ ಹಾಗೆ ಮುದ್ರಿಸುವುದಿಲ್ಲ. ವಾರಕ್ಕೊಮ್ಮೆ ಆನ್ ಮಾಡಿದಾಗ ಹೆಡ್ ಶುಚಿಗೆಂದೇ ಒಂದಷ್ಟು ಶಾಯಿ ಹೋಗುತ್ತದೆ, ಹಾಳೆ ತುಂಬ ಫೋಟೋ ಇದ್ದರೆ ಮತ್ತೂ ಬೇಗ ಮುಗಿಯುತ್ತದೆ. ಎರಡು ಕಾರ್ಟ್ರಿಜ್‌ಗಳನ್ನು ಹೋಲಿಸಲು ಆ ಸಂಖ್ಯೆ ಒಳ್ಳೆಯದು, ಅಷ್ಟೇ ಪುಟ ಬಂದೇ ಬರುತ್ತದೆ ಎಂದು ಜಗಳಕ್ಕೆ ಹೋಗಲು ಅಲ್ಲ. ಹೊಸ ಪ್ರಿಂಟರಿನ ಜೊತೆ ಬರುವ ಕಾರ್ಟ್ರಿಜ್‌ಗಳಲ್ಲಿ ಶಾಯಿ ಕಡಿಮೆ ಇರುವುದು ಸಾಮಾನ್ಯ. ಅದು ಬೇಗ ಮುಗಿಯಿತೆಂದು ಗಾಬರಿಯಾಗಬೇಡಿ.

ಅಸಲಿ, ಕಂಪ್ಯಾಟಿಬಲ್, ಮರುಭರ್ತಿ. ಬೇರೆ ತಯಾರಕರು ಹೊಸದಾಗಿ ಮಾಡಿದ್ದು ಕಂಪ್ಯಾಟಿಬಲ್, ಅಸಲಿಯ ಖಾಲಿ ಡಬ್ಬಿಯನ್ನೇ ತೊಳೆದು ತುಂಬಿದ್ದು ಮರುಭರ್ತಿ. ನನ್ನ ನಿಲುವು ಹಂತ 1ರ ಮೇಲೆಯೇ ನಿಂತಿದೆ. ಹೆಡ್ ಕಾರ್ಟ್ರಿಜಿನಲ್ಲಿದ್ದರೆ ಅಗ್ಗದ್ದನ್ನು ಧೈರ್ಯವಾಗಿ ಪ್ರಯತ್ನಿಸಿ; ಕೆಟ್ಟರೆ ಕಾರ್ಟ್ರಿಜ್ ಕೆಡುತ್ತದೆ, ಪ್ರಿಂಟರ್ ಉಳಿಯುತ್ತದೆ. ಮರುಭರ್ತಿಯದಾದರೆ ಹೆಡ್ ಒಮ್ಮೆ ದುಡಿದು ಸವೆದಿರುತ್ತದೆ ಎಂಬುದು ಗೊತ್ತಿರಲಿ. ಹೆಡ್ ಯಂತ್ರದಲ್ಲಿದ್ದರೆ ಹೆಸರು ದಿಕ್ಕಿಲ್ಲದ ಶಾಯಿಯನ್ನು ಅದರೊಳಗೆ ಬಿಡಲು ನಾನಂತೂ ಒಪ್ಪುವುದಿಲ್ಲ. ಅಲ್ಲಿ ಕೆಡುವುದು ಯಂತ್ರದ ಅತ್ಯಂತ ದುಬಾರಿ ಭಾಗ.

ಕಂಪ್ಯಾಟಿಬಲ್ ಕೊಳ್ಳುವ ಮುನ್ನ ಪ್ರಿಂಟರಿನ ಡಬ್ಬಿ ಅಥವಾ ಕೈಪಿಡಿ ಓದಿ. ತಯಾರಕರ ಚಿಪ್ ಇರುವ ಕಾರ್ಟ್ರಿಜ್ ಮಾತ್ರ ನಡೆಯುತ್ತದೆ ಎಂದು ಕೆಲವು ಮಾದರಿಗಳ ಮೇಲೆ ಬರೆದೇ ಇರುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದದ್ದು ಫರ್ಮ್‌ವೇರ್ (ಪ್ರಿಂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಆದ ಮರುದಿನ ನಿಂತುಹೋಗುವುದೂ ಉಂಟು. ಸ್ವಯಂಚಾಲಿತ ಅಪ್‌ಡೇಟನ್ನು ನಿಲ್ಲಿಸಿಡಬಹುದು, ಆದರೆ ಆಗ ಭದ್ರತೆಯ ತಿದ್ದುಪಡಿಗಳೂ ಬರುವುದಿಲ್ಲ.

ಡೈ, ಪಿಗ್ಮೆಂಟ್. ಡೈ ಶಾಯಿ ಕಾಗದದೊಳಗೆ ಇಳಿಯುತ್ತದೆ, ಬಣ್ಣ ಹೊಳೆಯುತ್ತದೆ, ಒದ್ದೆ ಕೈ ತಾಗಿದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯ ಕಣಗಳು ಕಾಗದದ ಮೇಲೆಯೇ ಕೂರುತ್ತವೆ, ಅಕ್ಷರ ಕಡೆದಂತೆ ಬರುತ್ತದೆ, ನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ಅನೇಕ ಮನೆ ಪ್ರಿಂಟರುಗಳಲ್ಲಿ ಕಪ್ಪು ಪಿಗ್ಮೆಂಟ್, ಬಣ್ಣಗಳು ಡೈ. ಒಂದರ ಜಾಗಕ್ಕೆ ಇನ್ನೊಂದನ್ನು ತುಂಬಬೇಡಿ.

ಕೊನೆಗೆ ಡಬ್ಬಿಯ ಮೇಲಿನ ದಿನಾಂಕ ನೋಡಿ. ಭಾರಿ ರಿಯಾಯಿತಿಯಲ್ಲಿ ಮಾರುವ ಕಾರ್ಟ್ರಿಜ್‌ಗಳ ಅವಧಿ ಮುಗಿಯುತ್ತಾ ಬಂದಿರುವುದು ಅಪರೂಪವಲ್ಲ.

ಹಂತ 4: ಬಳಸುವವರೆಗೆ ಇಡುವುದು

ಕವರ್ ಸಮೇತ, ಡಬ್ಬಿಯ ಮೇಲಿನ ಬಾಣದ ಗುರುತಿನಂತೆ, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಿ. ಫ್ರಿಜ್ ಬೇಡ. ಕಾರಿನೊಳಗೆ ಮರೆತು ಬಿಡಬೇಡಿ.

ಹಂತ 5: ಹಾಕುವುದು

ಮೊದಲು ದಿನಪತ್ರಿಕೆ ಹಾಸಿ. ಪ್ರಿಂಟರ್ ಆನ್ ಇರಲಿ. ಮುಚ್ಚಳ ತೆರೆದಾಗ ಕಾರ್ಟ್ರಿಜ್ ಹೊತ್ತ ತೊಟ್ಟಿಲು ತಾನಾಗಿ ಸರಿದು ಬಂದು ನಿಲ್ಲುತ್ತದೆ. ಅದು ನಿಲ್ಲುವವರೆಗೆ ಕೈ ಹಾಕಬೇಡಿ, ಕೈಯಿಂದ ಎಳೆಯಲೂ ಬೇಡಿ. ಮುಂಭಾಗದಲ್ಲಿ ಪೆಟ್ಟಿಗೆ ಹಾಕುವ ಮಾದರಿಗಳಲ್ಲಿ ಈ ತಾಪತ್ರಯವಿಲ್ಲ.

ಈಗ ಕವರಿನೊಳಗಿರುವ ಹೊಸದರ ಸಂಖ್ಯೆಯನ್ನು ಒಳಗಿರುವ ಹಳೆಯದರ ಜೊತೆ ಕೊನೆಯ ಬಾರಿ ತಾಳೆ ನೋಡಿ. ಡಬ್ಬಿಯ ಮೇಲೆ ಅಲುಗಾಡಿಸಿ ಎಂಬ ಚಿತ್ರವಿದ್ದರೆ ಕವರ್ ಹರಿಯುವ ಮೊದಲೇ ಹೇಳಿದಷ್ಟು ಸಲ ಅಲುಗಾಡಿಸಿ. ತೆರೆದ ಮೇಲೆ ಅಲುಗಾಡಿಸಿದರೆ ಗೋಡೆಗೆ ಚಿತ್ತಾರ. ಎಲ್ಲ ಸರಿಯಿದ್ದರೆ ಕವರ್ ಹರಿಯಿರಿ.

ಅತಿ ಹೆಚ್ಚು ಅನಾಹುತ ನಡೆಯುವುದು ಇಲ್ಲೇ. ಹೆಡ್ ಇರುವ ಕಾರ್ಟ್ರಿಜಿನ ತಳದ ರಂಧ್ರಗಳನ್ನು ಒಂದು ಪಾರದರ್ಶಕ ಪಟ್ಟಿ ಮುಚ್ಚಿರುತ್ತದೆ, ಅದಕ್ಕೆ ಎದ್ದು ಕಾಣುವ ಬಣ್ಣದ ಬಾಲ. ಆ ಬಾಲ ಹಿಡಿದು ನಿಧಾನವಾಗಿ ಪಟ್ಟಿ ಪೂರ್ತಿ ಬರುವಂತೆ ಎಳೆಯಬೇಕು. ಪಟ್ಟಿ ತೆಗೆಯದಿದ್ದರೆ ಹಾಳೆ ಬಿಳಿಯಾಗಿ ಬರುತ್ತದೆ. ಇದಕ್ಕಿಂತ ಕೆಟ್ಟದ್ದು, ಅದರ ಜೊತೆ ಬೆನ್ನಿನ ತಾಮ್ರದ ಪಟ್ಟಿಯನ್ನೂ ಕಿತ್ತುಹಾಕುವುದು. ನನ್ನ ಸ್ನೇಹಿತರೊಬ್ಬರು ಪಾರದರ್ಶಕ ಪಟ್ಟಿ ತೆಗೆದಾದ ಮೇಲೆ ತಾಮ್ರದ ಪಟ್ಟಿಯೂ ಪ್ಯಾಕಿಂಗಿನ ಭಾಗವೇ ಎಂದುಕೊಂಡು ಉಗುರಿನಿಂದ ಎಬ್ಬಿಸಿ ಕಿತ್ತರು. ಕಷ್ಟಪಟ್ಟು ಕಿತ್ತೆ, ತುಂಬ ಗಟ್ಟಿಯಾಗಿ ಅಂಟಿತ್ತು ಎಂದರು. ಅಂಟಿರಲೇಬೇಕು, ಹೆಡ್ಡಿಗೆ ವಿದ್ಯುತ್ ಹೋಗುವ ದಾರಿ ಅದು. ಸುಲಭವಾಗಿ ಬರುವುದನ್ನು ಮಾತ್ರ ತೆಗೆಯಿರಿ. ಬಲ ಹಾಕಬೇಕಾಗಿ ಬಂದರೆ ನಿಲ್ಲಿಸಿ.

ಬಿಡಿ ಬಣ್ಣದ ಪೆಟ್ಟಿಗೆಗಳಲ್ಲಿ ಪಟ್ಟಿಯ ಕೆಲಸ ಬೇರೆ. ಮೇಲ್ಭಾಗದ ಗಾಳಿಕಂಡಿಯನ್ನು ಅದು ಮುಚ್ಚಿರುತ್ತದೆ. ಚೂರು ಉಳಿದರೂ ಗಾಳಿ ಒಳಬರದೆ ಶಾಯಿ ಇಳಿಯುವುದಿಲ್ಲ, ಹತ್ತಾರು ಪುಟ ಚೆನ್ನಾಗಿ ಬಂದು ಆಮೇಲೆ ಮಸುಕಾಗುತ್ತದೆ. ತಳಕ್ಕೆ ಪ್ಲಾಸ್ಟಿಕ್ ಮುಚ್ಚಳವೂ ಇದ್ದರೆ ಮೊದಲು ಪಟ್ಟಿ, ಆಮೇಲೆ ಮುಚ್ಚಳ. ತಿರುವುಮುರುವಾದರೆ ಒಳಗಿನ ಒತ್ತಡಕ್ಕೆ ಶಾಯಿ ಚಿಮ್ಮಬಹುದು. ಮುಚ್ಚಳ ತಿರುಗಿಸುವಾಗ ಪೆಟ್ಟಿಗೆಯ ಪಕ್ಕೆಗಳನ್ನು ಹಿಂಡಬೇಡಿ.

ರಂಧ್ರದ ಫಲಕ, ತಾಮ್ರದ ಚುಕ್ಕೆ, ಚಿಪ್ ಈ ಮೂರಕ್ಕೂ ಬೆರಳು ತಾಗಬಾರದು. ಹಳೆಯದನ್ನು ತೆಗೆದ ಕೂಡಲೇ ಹೊಸದನ್ನು ಅದರದೇ ಗೂಡಿನಲ್ಲಿ ಕೂರಿಸಿ, ‘ಟಕ್’ ಎನ್ನುವವರೆಗೆ ಒತ್ತಿ. ಹಳೆಯದನ್ನು ಕಿತ್ತು, ಹೊಸದನ್ನು ತರಲು ಅಂಗಡಿಗೆ ಹೋಗುವುದು ಬೇಡ, ತೆರೆದ ಗೂಡಿನಲ್ಲಿ ಹೆಡ್ ಒಣಗುತ್ತದೆ. ಮುಚ್ಚಳ ಹಾಕಿ, ಪ್ರಿಂಟರ್ ತನ್ನ ಗುರುಗುರು ಮುಗಿಸುವವರೆಗೆ ಕಾಯಿರಿ. ನಡುವೆ ಆಫ್ ಮಾಡಬೇಡಿ. ಆಮೇಲೆ ನಾಜಲ್ ಚೆಕ್. ಹೆಡ್ ಇರುವ ಕಾರ್ಟ್ರಿಜ್ ಆಗಿದ್ದರೆ ಅಲೈನ್‌ಮೆಂಟ್ ಹಾಳೆಯನ್ನೂ ಮುದ್ರಿಸಿ. ಅದನ್ನು ಬಿಟ್ಟರೆ ನೇರ ಗೆರೆಗಳು ಮೆಟ್ಟಿಲಾಗುತ್ತವೆ.

ತೊಟ್ಟಿಯ ಪ್ರಿಂಟರಿನವರು ಬಣ್ಣದ ಚೀಟಿಯನ್ನು ಎರಡು ಬಾರಿ ನೋಡಿ ಸುರಿಯಿರಿ, ಮೇಲಿನ ಗೆರೆ ದಾಟಿಸಬೇಡಿ. ಅಪ್ಪಿತಪ್ಪಿ ಹಳದಿಯ ತೊಟ್ಟಿಗೆ ಕಪ್ಪು ಸುರಿದರೆ ಒಂದು ಹಾಳೆಯನ್ನೂ ಮುದ್ರಿಸದೆ, ಶುಚಿ ಮಾಡುವ ಗುಂಡಿಯನ್ನೂ ಒತ್ತದೆ ರಿಪೇರಿಯವರನ್ನು ಕರೆಯಿರಿ. ಕೊಳವೆಗೆ ಇಳಿದ ಮೇಲೆ ಕೆಲಸ ದೊಡ್ಡದಾಗುತ್ತದೆ.

ಹಂತ 6: ಹಾಕಿದ ಮೇಲೂ ಸರಿಯಾಗದಿದ್ದರೆ

ಗುರುತು ಸಿಗುತ್ತಿಲ್ಲ ಎಂಬ ಸಂದೇಶವಿದ್ದರೆ: ಹೊರತೆಗೆದು ಮತ್ತೆ ಕೂರಿಸಿ. ಸರಿಹೋಗದಿದ್ದರೆ ಪಟ್ಟಿಯ ಚೂರು ಉಳಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಟ್ಟೆಯ ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿ, ತಾಮ್ರದ ಚುಕ್ಕೆಗಳನ್ನು ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಹಾಕಿ. ಆಮೇಲೂ ಹಟವಿದ್ದರೆ ಪ್ರಿಂಟರಿನ ಗುಂಡಿಯಿಂದಲೇ ಆಫ್ ಮಾಡಿ ಆನ್ ಮಾಡಿ. ಅಲ್ಲಿಗೂ ಮುಗಿಯದಿದ್ದರೆ ಸಂಖ್ಯೆಯೋ ಚಿಪ್ಪೋ ತಪ್ಪಿದೆ.

ಗೆರೆ ತಪ್ಪುತ್ತಿದ್ದರೆ ‘ಹೆಡ್ ಕ್ಲೀನಿಂಗ್’ ಒಮ್ಮೆ, ನಂತರ ನಾಜಲ್ ಚೆಕ್. ಇನ್ನೂ ತಪ್ಪುತ್ತಿದ್ದರೆ ಇನ್ನೊಮ್ಮೆ. ಮೂರನೆಯ ಸಲದ ನಂತರ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಗಟ್ಟಿಯಾದ ಶಾಯಿ ನೆನೆಯಲು ಹೊತ್ತು ಬೇಕು, ಗಾಳಿಗುಳ್ಳೆ ಏರಿ ಹೋಗಲೂ ಹೊತ್ತು ಬೇಕು. ಸಿಟ್ಟಿನಲ್ಲಿ ಹತ್ತು ಸಲ ಗುಂಡಿ ಒತ್ತಿದರೆ ಹೊಸ ಶಾಯಿ ಹಾಳೆಗೆ ಬೀಳದೆ ಯಂತ್ರದ ತಳದ ಹೀರುಪಟ್ಟಿಗೆ ಹೋಗುತ್ತದೆ. ಆ ಪಟ್ಟಿ ತುಂಬಿದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಹೆಡ್ ಇರುವ ಕಾರ್ಟ್ರಿಜಿಗೆ ಮಾತ್ರ ಇನ್ನೊಂದು ದಾರಿಯಿದೆ. ಟಿಶ್ಯೂ ಮಡಚಿ ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿ, ತಳದ ಫಲಕ ಕೆಳಮುಖವಾಗಿ ಒಂದೆರಡು ನಿಮಿಷ ಅದರ ಮೇಲೆ ಇಡಿ. ಎತ್ತಿ, ಒಣ ಟಿಶ್ಯೂ ಮೇಲೆ ಮೆಲ್ಲಗೆ ಒತ್ತಿ. ಉಜ್ಜಬೇಡಿ. ಟಿಶ್ಯೂ ಮೇಲೆ ಮೂರು ಬಣ್ಣದ ಮೂರು ಪಟ್ಟೆ ಮೂಡಿದರೆ ದಾರಿ ತೆರೆದಿದೆ. ಎರಡೇ ಮೂಡಿದರೆ ಮೂರನೆಯದು ಕಟ್ಟಿದೆ ಅಥವಾ ಖಾಲಿ.

ಕೂಡಲೇ ಕೈಬಿಡಬೇಕಾದ ಸೂಚನೆಗಳು: ಸುಟ್ಟ ವಾಸನೆ, ಗೂಡಿನ ಕೆಳಗೆ ಶಾಯಿಯ ಮಡು, ತೊಟ್ಟಿಲು ಗೋಡೆಗೆ ಬಡಿಯುವ ಸದ್ದು, ಪ್ರತಿ ಹಾಳೆಯ ಅಂಚಿಗೂ ಮೆತ್ತುವ ಕಲೆ. ಆಫ್ ಮಾಡಿ, ಕಾರ್ಟ್ರಿಜ್ ಸೋರುತ್ತಿದೆಯೇ ನೋಡಿ. ಸೋರುತ್ತಿದ್ದರೆ ಮತ್ತೆ ಹಾಕಬೇಡಿ.

ಹಂತ 7: ದಿನನಿತ್ಯದ ಬಳಕೆ

ಪ್ರಿಂಟರನ್ನು ಅದರ ಗುಂಡಿಯಿಂದಲೇ ಆಫ್ ಮಾಡಿ. ಗುಂಡಿ ಒತ್ತಿದಾಗ ಹೆಡ್ ಮೂಲೆಗೆ ಸರಿದು ರಬ್ಬರ್ ಟೋಪಿಯ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ತಟ್ಟಿದರೆ ಅದು ಇದ್ದಲ್ಲೇ, ಬಾಯಿ ತೆರೆದುಕೊಂಡು ನಿಲ್ಲುತ್ತದೆ. ರಂಧ್ರ ಕಟ್ಟಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಎಲ್ಲ ಬಣ್ಣವೂ ಇರುವ ಅರ್ಧ ಪುಟ ಮುದ್ರಿಸಿ. ಕಪ್ಪು ಅಕ್ಷರ ಮಾತ್ರ ಮುದ್ರಿಸಿದರೂ ಬಣ್ಣ ಖರ್ಚಾಗುತ್ತದೆ, ಒಂದಷ್ಟು ಶುಚಿಗೆ, ಕೆಲವೊಮ್ಮೆ ಕಪ್ಪನ್ನೇ ಬಣ್ಣಗಳಿಂದ ಬೆರೆಸಲು. ಗ್ರೇಸ್ಕೇಲ್ (ಕಪ್ಪು-ಬಿಳುಪು) ಮತ್ತು ಡ್ರಾಫ್ಟ್ (ಕರಡು) ಆಯ್ಕೆ ಮಾಡಿದರೆ ಒಂದಿಷ್ಟು ಉಳಿಯುತ್ತದೆ.

ಹಾಳೆ ಯಾವುದೆಂದು ಪ್ರಿಂಟರಿಗೆ ಹೇಳಿ. ಫೋಟೋ ಕಾಗದ ಹಾಕಿ ‘ಸಾದಾ ಹಾಳೆ’ ಎಂದೇ ಬಿಟ್ಟರೆ ಪಿಗ್ಮೆಂಟ್ ಕಪ್ಪು ಹೊಳಪಿನ ಮೇಲೆ ಕೂರದೆ ಬೆರಳಿಗೆ ಹತ್ತುತ್ತದೆ. ಆಗ ಬೈಸಿಕೊಳ್ಳುವುದು ಪಾಪ ಕಾರ್ಟ್ರಿಜ್.

ಹಂತ 8: ಖಾಲಿಯಾದದ್ದು

ತೆಗೆದ ಕಾರ್ಟ್ರಿಜನ್ನು ಹೊಸದರ ಕವರಿನಲ್ಲೇ ಹಾಕಿ ಬಾಯಿ ಮಡಚಿ. ಮನೆಯಲ್ಲೇ ಸಿರಿಂಜಿನಿಂದ ತುಂಬುವವರು ಅದು ಪೂರ್ತಿ ಒಣಗುವ ಮೊದಲೇ ತುಂಬಬೇಕು, ಸ್ಪಂಜಿನ ಮೇಲೆ ಶಾಯಿ ತೇಲುವ ಮೊದಲೇ ನಿಲ್ಲಿಸಬೇಕು. ತುಂಬಿದ ಮೇಲೂ ಪರದೆ ‘ಖಾಲಿ’ ಎಂದೇ ಹೇಳಬಹುದು, ಅದಕ್ಕೆ ಗೊತ್ತಿರುವುದು ಹಳೆಯ ಲೆಕ್ಕ. ತುಂಬದವರು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯದ ಜೊತೆ ಕೊಡಿ. ಕೆಲವು ತಯಾರಕರು ತಾವೇ ಹಿಂದಕ್ಕೆ ಪಡೆಯುತ್ತಾರೆ. ಕೊಡುವ ಮುನ್ನ ಅದರ ಚೀಟಿಯ ಫೋಟೋ ಮೊಬೈಲಿನಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.